ಲ್ಯಾಟಿನ್ನಿಗೆ ಹೋದ ಕನ್ನಡದ ಕೊಳೆರೋಗ

ಆಷಾಢದ ಮಳೆ ಹಿಡಿದು ಕೂತಿತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶುಂಠಿ ಬೆಳೆಗಾರರಿಗೆ ನಿದ್ದೆ ಕಡಿಮೆ. ಬೆಳಿಗ್ಗೆ ಎದ್ದು ಹೊಲಕ್ಕೆ ಹೋದವರ ಕಣ್ಣು ಮೊದಲು ಹುಡುಕುವುದು ಹಳದಿಗೆ ತಿರುಗಿದ ಎಲೆಯನ್ನು. ಒಂದು ಬುಡ ಹಳದಿಯಾಗಿ ಕಂಡರೆ ಅದನ್ನು ಹಿಡಿದು ಎಳೆದು ನೋಡುತ್ತಾರೆ. ಕಾಂಡ ಸಲೀಸಾಗಿ ಕೈಗೆ ಬಂದರೆ ನೆಲದೊಳಗಿನ ಗೆಡ್ಡೆ ಕೊಳೆತಿದೆ ಎಂದೇ ಅರ್ಥ. ‘ಕೊಳೆ ಬಿತ್ತು’ ಎಂಬ ಎರಡು ಮಾತಿನಲ್ಲಿ ಆ ವರ್ಷದ ಗುತ್ತಿಗೆ ಹಣ, ಬಿತ್ತನೆ ಗೆಡ್ಡೆಯ ಖರ್ಚು, ಕೈಗಡ, ಬ್ಯಾಂಕಿನ ಸಾಲ ಎಲ್ಲದರ ಲೆಕ್ಕವೂ ಬಂದುಬಿಡುತ್ತದೆ.

ಇದೇ ಮಾತನ್ನು ಮಲೆನಾಡಿನ ಅಡಿಕೆ ಬೆಳೆಗಾರರು ತಮ್ಮ ಗೊನೆಗಳ ಬಗ್ಗೆ ಆಡುತ್ತಾರೆ. ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರು ತಮ್ಮ ಗಿಡಗಳ ಬಗ್ಗೆ ಆಡುತ್ತಾರೆ. ಬೆಳೆ ಮೂರು, ಕಾಲ ಒಂದೇ, ಹೆಸರೂ ಒಂದೇ: ಕೊಳೆರೋಗ. ಈ ಮೂರು ಕೊಳೆಗಳಿಗೂ ಕಾರಣವಾದ ಜೀವಿಗಳು ಮಾತ್ರ ಬೇರೆ ಬೇರೆ. ಇದನ್ನು ತಿಳಿಯಲು ಸೂಕ್ಷ್ಮದರ್ಶಕ ಬೇಕಾಯಿತು. ತಿಳಿದದ್ದನ್ನು ಹೇಳಲು ಲ್ಯಾಟಿನ್ ಹೆಸರು ಬೇಕಾಯಿತು. ಹಾಗೆ ಹೆಸರಿಡಲು ಹೊರಟ ಒಬ್ಬ ಆಂಗ್ಲ ವಿಜ್ಞಾನಿ ಕನ್ನಡದ ಪದವನ್ನೇ ಎತ್ತಿಕೊಂಡು ಲ್ಯಾಟಿನ್ ಹೆಸರಿನೊಳಗೆ ಇಟ್ಟುಬಿಟ್ಟ. ಅದು ನಡೆದದ್ದು 1876ರಲ್ಲಿ. ಅಂದಿನಿಂದ ಇಂದಿನವರೆಗೆ ಆ ಹೆಸರು ಪಟ್ಟ ಪಾಡು, ಒಂದು ಹೊಸ ಜೀವಿಯನ್ನು ‘ಕಂಡುಹಿಡಿಯುವುದು’ ಎಂದರೆ ಏನು ಎಂಬುದಕ್ಕೆ ನಮ್ಮ ನೆಲದಲ್ಲೇ ಸಿಗುವ ಒಳ್ಳೆಯ ಪಾಠ.

ಲಂಡನ್ನಿಗೆ ಹೋದ ಎಲೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧ ಕಾಫಿಯ ಕಾಲ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು. ಪಕ್ಕದ ಕೊಡಗು ನೇರವಾಗಿ ಬ್ರಿಟಿಷರದಾಗಿತ್ತು. ಎರಡು ಕಡೆಯೂ ಕಾಡು ಕಡಿದು ಕಾಫಿ ನೆಡುತ್ತಿದ್ದರು. ಕೊಡಗಿನ ಕಾಫಿ ಬಯಲಿಗೆ ಇಳಿಯುವ ದಾರಿ ಪಿರಿಯಾಪಟ್ಟಣ, ಹುಣಸೂರುಗಳ ಮೂಲಕವೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಣಸೂರಿನಲ್ಲಿ ಐರೋಪ್ಯರ ಆಡಳಿತದಲ್ಲಿದ್ದ ದೊಡ್ಡ ಕಾಫಿ ಕಾರ್ಖಾನೆಗಳು ಕೊಡಗಿನ ಬೀಜವನ್ನು ಹದಮಾಡಿ ರಫ್ತಿಗೆ ಸಿದ್ಧಪಡಿಸುತ್ತಿದ್ದವು.

ತೋಟಗಾರರ ಎದೆಯಲ್ಲಿ ಆಗ ಒಂದು ಭಯ ಕೂತಿತ್ತು. 1869ರಲ್ಲಿ ಸಿಂಹಳದ ಕಾಫಿ ಎಲೆಗಳ ಮೇಲೆ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು. ಬರ್ಕ್‌ಲಿ ಮತ್ತು ಬ್ರೂಮ್ ಎಂಬ ಇಬ್ಬರು ಆಂಗ್ಲ ತಜ್ಞರು ಅದನ್ನು ಹೊಸ ಶಿಲೀಂಧ್ರವೆಂದು ವರ್ಣಿಸಿ ‘ಹೆಮಿಲಿಯಾ ವಾಸ್ಟಾಟ್ರಿಕ್ಸ್’ ಎಂದು ಹೆಸರಿಟ್ಟರು. ನಮ್ಮವರು ಎಲೆ ತುಕ್ಕು ರೋಗ ಎನ್ನುವುದು ಇದನ್ನೇ. ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಸಿಂಹಳದ ಕಾಫಿ ಉದ್ಯಮ ನೆಲಕಚ್ಚಿತು. ಆ ದ್ವೀಪ ಚಹಾಕ್ಕೆ ತಿರುಗಿತು. ಹೀಗಿರುವಾಗ ಮೈಸೂರಿನ ತೋಟಗಳಲ್ಲಿ ಎಲೆ ಕಪ್ಪಾಗಿ ಕೊಳೆತು ಜೋತಾಡುವುದನ್ನು ಕಂಡವರು ಸುಮ್ಮನಿರುವುದು ಸಾಧ್ಯವಿರಲಿಲ್ಲ. ರೋಗ ಹತ್ತಿದ ಎಲೆಗಳನ್ನು ಒಣಗಿಸಿ ಲಂಡನ್ನಿಗೆ ಕಳಿಸಿದರು.

ಅವು ಹೋಗಿ ಸೇರಿದ್ದು ಲಂಡನ್ನಿನ ಇಂಡಿಯಾ ಮ್ಯೂಸಿಯಂನಲ್ಲಿದ್ದ ಮಾರ್ಡಿಕೈ ಕ್ಯುಬಿಟ್ ಕುಕ್ ಎಂಬ ಶಿಲೀಂಧ್ರ ತಜ್ಞನ ಮೇಜಿಗೆ. ಕುಕ್ 1825ರಲ್ಲಿ ಹುಟ್ಟಿದವನು, ಅಣಬೆ ಬೂಷ್ಟುಗಳಿಗೆಂದೇ ‘ಗ್ರೆವಿಲಿಯಾ’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದವನು. ಎಲೆಯನ್ನು ನೆನೆಸಿ ನೋಡಿದಾಗ ಅದರ ಅಡಿಭಾಗದಲ್ಲಿ ತೆಳುವಾದ ಲೋಳೆ ಪೊರೆಯೊಂದು ಕಂಡಿತು. ಪೊರೆಯೊಳಗೆ ಶಿಲೀಂಧ್ರದ ಎಳೆಗಳ ಜಾಲವಿತ್ತು. ಜೊತೆಗೆ ದುಂಡನೆಯ, ಮೈಮೇಲೆ ಮುಳ್ಳುಗಳಿದ್ದ ಕಣಗಳೂ ಕಂಡವು. ಅವು ಈ ಶಿಲೀಂಧ್ರದ ಬೀಜಾಣುಗಳೇ ಎಂದು ಅವನು ತಿಳಿದ. ಇಂಥದೊಂದು ಹಿಂದೆ ವರ್ಣಿತವಾಗಿರಲಿಲ್ಲವಾದ್ದರಿಂದ ಹೊಸ ಕುಲವನ್ನೇ ಸ್ಥಾಪಿಸಿದ. ಲ್ಯಾಟಿನ್ನಿನಲ್ಲಿ ‘ಪೆಲಿಕ್ಯುಲಾ’ ಎಂದರೆ ಸಣ್ಣ ಪೊರೆ. ಅದರಿಂದ ಕುಲದ ಹೆಸರು ‘ಪೆಲಿಕ್ಯುಲೇರಿಯಾ’ ಆಯಿತು. ಪ್ರಭೇದದ ಹೆಸರಿಗೆ ತೋಟದ ಕಡೆಯಿಂದ ಬಂದ ಪದವನ್ನೇ ಇಟ್ಟ: ‘ಪೆಲಿಕ್ಯುಲೇರಿಯಾ ಕೊಲೆರೋಗ’.

ಲ್ಯಾಟಿನ್ ಲಿಪಿಯಲ್ಲಿ ‘ಳ’ಕಾರ ಇಲ್ಲ. ಹಾಗಾಗಿ ಅಕ್ಷರಶಃ ಓದಿದರೆ ಕೊಳೆ ಹೋಗಿ ಕೊಲೆಯಾಯಿತು. ಕನ್ನಡಿಗರಿಗೆ ಇದು ನಗು ತರಿಸುವ ತಪ್ಪು. ಆದರೆ ಒಂದು ಮಳೆಗಾಲದಲ್ಲಿ ತೋಟದ ಎಲೆ ಕಾಯಿಗಳು ಕಪ್ಪಾಗಿ ಉದುರುವುದನ್ನು ಕಂಡವರಿಗೆ ಆ ತಪ್ಪಿನಲ್ಲೂ ಸ್ವಲ್ಪ ಸತ್ಯವಿದೆ ಎನಿಸಿದರೆ ಆಶ್ಚರ್ಯವಿಲ್ಲ.

ಕಾಫಿ ಕೊಳೆಯ ಗುಣ ವಿಚಿತ್ರವಾದದ್ದು. ಕೊಳೆತ ಎಲೆ ಕೂಡಲೇ ನೆಲಕ್ಕೆ ಬೀಳುವುದಿಲ್ಲ. ಶಿಲೀಂಧ್ರದ ಎಳೆಗಳೇ ದಾರದಂತೆ ಅದನ್ನು ರೆಂಬೆಗೆ ಕಟ್ಟಿ ತೂಗುಹಾಕಿರುತ್ತವೆ. ಗಾಳಿಗೆ ಆಡುವ ಆ ಎಲೆ ಪಕ್ಕದ ಎಲೆಯನ್ನು ಮುಟ್ಟಿದರೆ ಸಾಕು, ರೋಗ ಅಂಟುತ್ತದೆ. ದಟ್ಟ ನೆರಳು, ಬಿಡದ ಜಡಿಮಳೆ, ಮಂಜು ಮುಸುಕಿದ ಇಳಿಜಾರು ಇದಕ್ಕೆ ಪ್ರಿಯ. ಮುಂಗಾರಿಗೆ ಮುನ್ನ ನೆರಳಿನ ಮರಗಳ ಕೊಂಬೆ ಸವರಿ ಗಾಳಿ ಬೆಳಕು ಬಿಡಿಸುವುದು, ರೋಗದ ಎಲೆಗಳನ್ನು ಆರಿಸಿ ತೆಗೆಯುವುದು ಇಂದಿಗೂ ಮೊದಲ ಮದ್ದು.

ಲೋಳೆಯ ಲೋಕ

ಕುಕ್‌ನ ಬಗ್ಗೆ ಇನ್ನೊಂದು ಸಂಗತಿ ಇಲ್ಲಿ ಸ್ಮರಣೀಯ. ಕಾಫಿ ಕೊಳೆಗೆ ಹೆಸರಿಟ್ಟ ಮರುವರ್ಷವೇ, ಅಂದರೆ 1877ರಲ್ಲಿ, ಅವನು ಬ್ರಿಟನ್ನಿನ ಲೋಳೆಬೂಷ್ಟುಗಳ ಬಗ್ಗೆ ಒಂದು ಪುಸ್ತಕ ಹೊರತಂದ. ಪೋಲೆಂಡಿನ ರೋಸ್ಟಾಫಿನ್‌ಸ್ಕಿ ಮಾಡಿದ್ದ ವರ್ಗೀಕರಣ ಅದಕ್ಕೆ ಆಧಾರ. ಮಳೆಗಾಲದಲ್ಲಿ ಕೊಳೆತ ದಿಮ್ಮಿಯ ಮೇಲೋ ಮರದ ಹೊಟ್ಟಿನ ಗುಡ್ಡೆಯ ಮೇಲೋ ರಾತ್ರಿ ಬೆಳಗಾಗುವುದರೊಳಗೆ ಹಳದಿ ಲೋಳೆಯೊಂದು ಹರಡಿಕೊಂಡಿರುವುದನ್ನು ಹಲವರು ನೋಡಿರುತ್ತಾರೆ. ಅದೇ ಲೋಳೆಬೂಷ್ಟು. ಅದು ನಿಧಾನವಾಗಿ ಚಲಿಸುತ್ತದೆ, ದಾರಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳನ್ನು ನುಂಗುತ್ತದೆ. ಕೊನೆಗೆ ಚಲನೆ ನಿಲ್ಲಿಸಿ ಗುಂಡುಸೂಜಿಯ ತಲೆಯಂಥ ಪುಟ್ಟ ಬುರುಡೆಗಳಾಗಿ ಬೀಜಾಣು ಚೆಲ್ಲುತ್ತದೆ. ಅರ್ಧ ಆಯುಷ್ಯ ಪ್ರಾಣಿಯಂತೆ, ಉಳಿದರ್ಧ ಅಣಬೆಯಂತೆ.

ಲೋಳೆಯಾಗಿರುವುದು, ಬೂಷ್ಟಿನಂತೆ ಕಾಣುವುದು, ಒದ್ದೆಯಲ್ಲಿ ಹುಟ್ಟುವುದು ಎಲ್ಲವನ್ನೂ ಶಿಲೀಂಧ್ರ ಎಂಬ ಒಂದೇ ಮೂಟೆಗೆ ತುಂಬುವ ಕಾಲ ಅದು. ಜರ್ಮನಿಯ ಆಂಟನ್ ಡಿ ಬಾರಿ 1859ರಲ್ಲಿ ಲೋಳೆಬೂಷ್ಟುಗಳನ್ನು ಆ ಮೂಟೆಯಿಂದ ಹೊರಗೆ ತೆಗೆದು, ಇವು ಪ್ರಾಣಿಗಳಿಗೆ ಹತ್ತಿರ ಎಂದು ವಾದಿಸಿದ. ಇಂದಿನ ಜೀವವಿಜ್ಞಾನ ಇವನ್ನು ಅಮೀಬಾಗಳ ಬಳಗಕ್ಕೆ ಸೇರಿಸುತ್ತದೆ. ಕಣ್ಣಿಗೆ ಒಂದೇ ತರಹ ಕಂಡದ್ದು ವಂಶದಲ್ಲಿ ಒಂದೇ ಆಗಿರಬೇಕಿಲ್ಲ ಎಂಬುದೇ ಇದರ ತಾತ್ಪರ್ಯ. ಅಡಿಕೆ ಕೊಳೆಯ ಕತೆಯಲ್ಲೂ ಇದೇ ಮಾತು ಮತ್ತೆ ಬರುತ್ತದೆ.

ಹೊಸ ಪ್ರಭೇದ ಸಿಗಬೇಕಾದರೆ ಯಾರೂ ಹೋಗದ ದೂರದ ಕಾಡಿಗೇ ಹೋಗಬೇಕೆಂದಿಲ್ಲ. ಯಾರೂ ನೋಡದ ಹೊತ್ತಿನಲ್ಲಿ ನೋಡಿದರೂ ಸಾಕು. ಸ್ವಿಟ್ಜರ್ಲೆಂಡಿನ ಜ್ಯೂರಾ ಬೆಟ್ಟಗಳ ಸೇಂತ್-ಕ್ರ್ವಾ ಊರಿನ ಬಳಿ ಶಾರ್ಲ್ ಮೇಲಾನ್ ಎಂಬ ಶಾಲಾ ಮಾಸ್ತರು ಇದ್ದ. ವಸಂತದಲ್ಲಿ ಹಿಮ ಕರಗಿ ಹಿಂದೆ ಸರಿಯುವಾಗ, ಒದ್ದೆ ಹುಲ್ಲು ಕಡ್ಡಿಗಳ ಮೇಲೆ ಬಗ್ಗಿ ಹುಡುಕುವುದು ಅವನ ಅಭ್ಯಾಸ. ಹಿಮದ ಅಂಚಿನಲ್ಲೇ, ಅದೂ ಕೆಲವೇ ದಿನ, ಕಾಣಸಿಗುವ ಲೋಳೆಬೂಷ್ಟುಗಳು ಅಲ್ಲಿದ್ದವು. ಒಂದನ್ನು ಅವನು ಮೊದಲು ಈಗಾಗಲೇ ಗೊತ್ತಿದ್ದ ಪ್ರಭೇದದ ಒಂದು ಬಗೆ ಎಂದಷ್ಟೇ ಹೇಳಿದ. 1917ರಲ್ಲಿ ಅದನ್ನೇ ‘ಡಿಡರ್ಮಾ ಆಲ್ಪೈನಮ್’ ಎಂಬ ಸ್ವತಂತ್ರ ಪ್ರಭೇದವಾಗಿ ಎತ್ತರಿಸಿದ. 1932ರಲ್ಲಿ ‘ಲ್ಯಾಂಪ್ರೋಡರ್ಮಾ ಓವಾಯ್ಡಿಯಮ್’ ಎಂಬ ಇನ್ನೊಂದನ್ನು ವರ್ಣಿಸಿದ. ದಪ್ಪ ಹಿಮ ಕಂಬಳಿಯಂತೆ ನೆಲವನ್ನು ಮುಚ್ಚಿ ಮಣ್ಣು ಹೆಪ್ಪುಗಟ್ಟದಂತೆ ಕಾಯುತ್ತದೆ, ಅದರ ಅಡಿಯಲ್ಲಿ ಈ ಜೀವಿಗಳು ಅಮೀಬಾ ರೂಪದಲ್ಲಿ ತಿಂದುಂಡು ಬೆಳೆಯುತ್ತವೆ ಎಂಬುದು ಈಚಿನ ಅಧ್ಯಯನಗಳಿಂದ ತಿಳಿದಿದೆ.

ಮೇಲಾನ್ 1941ರಲ್ಲಿ ತೀರಿಕೊಂಡ. ಅವನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿಟ್ಟ ಮಾದರಿಗಳು ಲೋಸಾನ್ ನಗರದಲ್ಲಿ ಉಳಿದವು. 1975ರಲ್ಲಿ ಅಮೆರಿಕದ ಡೊನಾಲ್ಡ್ ಕೊವಾಲ್‌ಸ್ಕಿ ಮೇಲಾನ್ ವರ್ಣಿಸಿದ ಲೋಳೆಬೂಷ್ಟುಗಳನ್ನೆಲ್ಲ ಮರುಪರಿಶೀಲಿಸಿ, ಯಾವ ಹೆಸರು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಪ್ರಕಟಿಸಿದ. ಹೊಸ ಪ್ರಭೇದದ ವರ್ಣನೆಯ ನಿಯಮವೇ ಇದು. ಕಂಡವನು ‘ನಾನು ಕಂಡೆ’ ಎಂದರೆ ಸಾಲದು. ಆಕಾರ, ಅಳತೆ, ಬಣ್ಣಗಳನ್ನು ಬರೆಯಬೇಕು. ಹತ್ತಿರದ ಬಂಧುಗಳಿಗಿಂತ ಇದು ಹೇಗೆ ಬೇರೆ ಎಂದು ತೋರಿಸಬೇಕು. ಮೂಲ ಮಾದರಿಯನ್ನು ಎಲ್ಲರಿಗೂ ಸಿಗುವ ಕಡೆ ಇಡಬೇಕು. ಮುಂದೆ ಬರುವವರು ಅದನ್ನು ತೆಗೆದು ನೋಡಿ ಒಪ್ಪಬಹುದು, ತಿದ್ದಬಹುದು, ತಳ್ಳಿಹಾಕಲೂಬಹುದು.

ಅಡಿಕೆ ತೋಟಕ್ಕೆ ಬಂದ ಕೋಲ್ಮನ್

ಜ್ಯೂರಾದಲ್ಲಿ ಹಿಮ ಮಾಡುವ ಕೆಲಸವನ್ನು ಸಹ್ಯಾದ್ರಿಯಲ್ಲಿ ಮಳೆ ಮಾಡುತ್ತದೆ. ಮಳೆ ಬಿಸಿಲು ಒಂದರ ಹಿಂದೊಂದು ಬರುವ ತಂಪು ದಿನಗಳಲ್ಲಿ ಅಡಿಕೆಯ ಎಳೆಗಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಲೆ ಮೂಡುತ್ತದೆ. ಕಾಯಿ ಉದುರುತ್ತದೆ. ಬಿದ್ದ ಕಾಯಿಗೆ ಒಂದೆರಡು ದಿನದಲ್ಲಿ ಬಿಳಿ ಬೂಷ್ಟು ಮುಚ್ಚುತ್ತದೆ. ದಕ್ಷಿಣ ಕನ್ನಡದಲ್ಲಿ ಇದಕ್ಕೆ ಮಹಾಳಿ ಎಂದೂ ಹೆಸರು. ಗೊನೆಗೆ ನೀರು ತಾಗಿದರೆ ಕೊಳೆ ಹತ್ತುತ್ತದೆ ಎಂಬುದನ್ನು ಬೆಳೆಗಾರರು ಬಹು ಹಿಂದೆಯೇ ಕಂಡುಕೊಂಡಿದ್ದರು. ಆದ್ದರಿಂದಲೇ ಮಳೆಗಾಲಕ್ಕೆ ಮುನ್ನ ಮರವೇರಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟಿಸುವ ಪದ್ಧತಿ ಇತ್ತು. ಸೂಕ್ಷ್ಮದರ್ಶಕವಿಲ್ಲದೆ, ಅನುಭವದಿಂದಲೇ ಹೊಳೆದ ಉಪಾಯ ಅದು. ದುಬಾರಿಯಾದರೂ ತರ್ಕಬದ್ಧವಾದದ್ದು.

ಕೊಳೆಯ ಹಿಂದಿನ ಜೀವಿ ಯಾವುದು ಎಂಬ ಪ್ರಶ್ನೆಗೆ ಉತ್ತರ ಯುರೋಪಿನ ಆಲೂಗಡ್ಡೆ ಹೊಲಗಳ ಕಡೆಯಿಂದ ಬಂತು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಹತ್ತು ಲಕ್ಷದಷ್ಟು ಜನ ಹಸಿವು ಮತ್ತು ರೋಗಗಳಿಗೆ ಬಲಿಯಾದರು. ಆ ಕೊಳೆಗೆ ಕಾರಣವಾದ ಜೀವಿಯ ಬದುಕನ್ನು ಬಿಡಿಸಿ ತೋರಿಸಿದವನೂ ಡಿ ಬಾರಿಯೇ. 1876ರಲ್ಲಿ, ಅಂದರೆ ಕುಕ್ ಕಾಫಿ ಕೊಳೆಗೆ ಹೆಸರಿಟ್ಟ ಅದೇ ವರ್ಷ, ಅವನು ಅದಕ್ಕೆ ‘ಫೈಟಾಫ್ತೊರಾ’ ಎಂಬ ಕುಲದ ಹೆಸರು ಕೊಟ್ಟ. ಗ್ರೀಕ್ ಭಾಷೆಯಲ್ಲಿ ಇದರ ಅರ್ಥ ಸಸ್ಯನಾಶಕ.

ಫೈಟಾಫ್ತೊರಾ ಬೂಷ್ಟಿನಂತೆ ಕಂಡರೂ ನಿಜವಾದ ಶಿಲೀಂಧ್ರವಲ್ಲ. ಅಣಬೆಗಳ ಜೀವಕೋಶದ ಗೋಡೆಯಲ್ಲಿರುವುದು ಕೈಟಿನ್. ಇದರಲ್ಲಿ ಮುಖ್ಯವಾಗಿ ಸೆಲ್ಯುಲೋಸ್ ಬಗೆಯ ವಸ್ತುಗಳಿವೆ. ಕಡಲಿನ ಕಂದು ಪಾಚಿಗಳು ಇದರ ದೂರದ ನೆಂಟರು. ಇದರ ಬೀಜಾಣುಗಳಿಗೆ ಎರಡು ಬಾಲಗಳಿದ್ದು, ಕಾಯಿಯ ಮೈಮೇಲಿನ ತೆಳ್ಳನೆಯ ನೀರಿನ ಪದರದಲ್ಲಿ ಈಜುತ್ತವೆ. ಕೊಟ್ಟೆ ಕಟ್ಟಿದ ಗೊನೆ ಉಳಿಯುತ್ತಿದ್ದುದರ ಗುಟ್ಟು ಇದೇ: ಈಜಲು ನೀರಿಲ್ಲದಿದ್ದರೆ ಸಸ್ಯನಾಶಕ ಅಸಹಾಯಕ.

ಅಡಿಕೆ ಕೊಳೆಯಲ್ಲಿ ಫೈಟಾಫ್ತೊರಾ ಇದೆ ಎಂದು 1906ರಲ್ಲಿ ಬರೆದವನು ಭಾರತ ಸರ್ಕಾರದ ಶಿಲೀಂಧ್ರ ತಜ್ಞ ಎಡ್ವರ್ಡ್ ಜಾನ್ ಬಟ್ಲರ್. ಅವನು ಐರ್ಲೆಂಡಿನವನೇ. ಅದನ್ನು ತೋಟಕ್ಕೆ ಹೋಗಿ ಕೂಲಂಕಷವಾಗಿ ಅಧ್ಯಯನ ಮಾಡಿದವರು ಲೆಸ್ಲಿ ಕೋಲ್ಮನ್. ಕೆನಡಾದಲ್ಲಿ 1878ರಲ್ಲಿ ಹುಟ್ಟಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ, ಮಂಡ್ಯದ ಸಕ್ಕರೆ ಕಾರ್ಖಾನೆಯ ಸ್ಥಾಪನೆಯಲ್ಲಿ ಪಾತ್ರ ವಹಿಸಿ, ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಹುಟ್ಟಲು ಕಾರಣರಾಗಿ ಹೆಸರು ಮಾಡಿದ್ದು ಬಹಳ ಜನರಿಗೆ ಗೊತ್ತು. ಅವರ ಆರಂಭದ ದೊಡ್ಡ ಕೆಲಸ ಅಡಿಕೆ ಕೊಳೆ.

1910ರಲ್ಲಿ ಅವರು ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಜೀವಿಗೆ ಹೆಸರಿಡುವಾಗ ಅವರು ತೋರಿದ ಸಂಯಮ ಗಮನಾರ್ಹ. ಇದು ಪೂರ್ತಿ ಹೊಸದು ಎಂದು ಸಾರದೆ, ಡಿ ಬಾರಿ ಮೊದಲೇ ಹೆಸರಿಸಿದ್ದ ‘ಫೈಟಾಫ್ತೊರಾ ಆಮ್ನಿವೊರಾ’ ಪ್ರಭೇದದ ಒಂದು ಬಗೆ ಎಂದು ಹೇಳಿ ‘ಅರೆಕೆ’ ಎಂದು ಗುರುತಿಸಿದರು. ಅಡಿಕೆಯ ಲ್ಯಾಟಿನ್ ಹೆಸರು ‘ಅರೆಕ’. ಅದೂ ನಮ್ಮ ದಕ್ಷಿಣದ ಮಾತಿನಿಂದ ಪೋರ್ಚುಗೀಸರ ಬಾಯಿಗೆ ಹೋಗಿ ಲ್ಯಾಟಿನ್ ಸೇರಿದ್ದು. ಮೂರು ವರ್ಷಗಳ ನಂತರ, 1913ರಲ್ಲಿ, ಐರ್ಲೆಂಡಿನಲ್ಲಿ ಆಲೂಗಡ್ಡೆ ರೋಗಗಳ ಮೇಲೆ ಕೆಲಸ ಮಾಡುತ್ತಿದ್ದ ಜಾರ್ಜ್ ಪೆತಿಬ್ರಿಜ್ ಇದು ಸ್ವತಂತ್ರ ಪ್ರಭೇದವೆಂದು ನಿರ್ಣಯಿಸಿ ‘ಫೈಟಾಫ್ತೊರಾ ಅರೆಕೆ’ ಎಂದು ಬರೆದ. ಆಲೂಗಡ್ಡೆಯ ಕೊಳೆಯಿಂದ ಶುರುವಾದ ಮಾತು ಮಲೆನಾಡಿನ ತೋಟವನ್ನು ಹಾದು ಮತ್ತೆ ಐರ್ಲೆಂಡಿಗೆ ಬಂತು.

ಅಡಿಕೆ ಬೆಳೆಗಾರನಿಗೆ ಹೆಸರಿಗಿಂತ ಮದ್ದು ಮುಖ್ಯ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರಲ್ಲಿ ಮಿಲಾರ್ಡೆ ಬಳಕೆಗೆ ತಂದಿದ್ದ ಬೋರ್ಡೋ ದ್ರಾವಣವನ್ನು ಕೋಲ್ಮನ್ ಅಡಿಕೆ ಗೊನೆಗೆ ಹೊಡೆಸಿ ನೋಡಿದರು. ಮೈಲುತುತ್ತು, ಸುಣ್ಣ, ನೀರು ಇಷ್ಟೇ ಅದರ ಸಾಮಗ್ರಿ. ಇಂದಿನ ಲೆಕ್ಕದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಲೆನಾಡಿನ ಮಳೆಗೆ ಅದು ತೊಳೆದುಹೋಗದಂತೆ ಅಂಟು ಸೇರಿಸುವ ಉಪಾಯವನ್ನೂ ಕಂಡುಕೊಳ್ಳಬೇಕಾಯಿತು. ಮುಂಗಾರು ಬಲಿಯುವ ಮುನ್ನ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಔಷಧಿ ಹೊಡೆಸುವ ಪದ್ಧತಿ ಇಂದಿಗೂ ಅಡಿಕೆ ಸೀಮೆಯ ಪಂಚಾಂಗದ ಭಾಗ.

ಕೋಲ್ಮನ್ನರ ಕೈಕೆಳಗೆ ಪಳಗಿದವರಲ್ಲಿ ಮುಖ್ಯರು ಎಂ.ಜೆ. ನರಸಿಂಹನ್. ಬೇರೆ ಬೇರೆ ಗಿಡಗಳಿಂದ ತೆಗೆದ ಫೈಟಾಫ್ತೊರಾ ತಳಿಗಳನ್ನು ಒಂದೊಂದಾಗಿ ಬೆಳೆಸಿದರೆ ಏನೂ ಆಗದೆ, ಎರಡನ್ನು ಜೊತೆಗೂಡಿಸಿ ಬೆಳೆಸಿದಾಗ ದಪ್ಪ ಗೋಡೆಯ ಬೀಜಾಣುಗಳು ಹುಟ್ಟುವುದನ್ನು ಅವರು 1930ರಲ್ಲಿ ಅಮೆರಿಕದ ಸಸ್ಯರೋಗ ಪತ್ರಿಕೆಯಲ್ಲಿ ವರದಿ ಮಾಡಿದರು. ಇಂಥ ಬೀಜಾಣುಗಳು ಕಷ್ಟಕಾಲವನ್ನು ತಾಳಿಕೊಳ್ಳಬಲ್ಲವು. ಕಾಫಿ ಕೊಳೆಯ ಮೇಲೂ ಅವರು ಕೆಲಸ ಮಾಡಿದರು. ಅವರ ಮಗ ಎಂ.ಜೆ. ತಿರುಮಲಾಚಾರ್ ಕೂಡ ಹೆಸರಾಂತ ಶಿಲೀಂಧ್ರ ತಜ್ಞರಾದರು. 1952ರಲ್ಲಿ ಅವರು ಪಾವ್ಗಿ ಎಂಬ ಸಹೋದ್ಯೋಗಿಯೊಡನೆ ಸ್ಥಾಪಿಸಿದ ಹೊಸ ಕುಲವೊಂದರ ಹೆಸರು ‘ನರಸಿಂಹಾನಿಯಾ’.

ಹೆಸರುಗಳ ತಕರಾರು

ಇತ್ತ ಕುಕ್ ಇಟ್ಟ ಹೆಸರಿಗೆ ನೆಮ್ಮದಿ ಇರಲಿಲ್ಲ. ಕಾಫಿ ಕೊಳೆಯ ಹಸಿ ಎಲೆಗಳನ್ನು ನೋಡಿದವರಿಗೆ ಕುಕ್ ಹೇಳಿದ್ದ ದುಂಡನೆಯ ಮುಳ್ಳು ಬೀಜಾಣುಗಳು ಕಾಣಲೇ ಇಲ್ಲ. ಕಂಡ ಬೀಜಾಣುಗಳು ನಯವಾದವು, ಬೇರೆ ಆಕಾರದವು. 1910ರಲ್ಲಿ ಆಸ್ಟ್ರಿಯಾದ ಫಾನ್ ಹೋನೆಲ್ ಇದನ್ನು ‘ಕಾರ್ಟಿಸಿಯಮ್’ ಎಂಬ ಕುಲಕ್ಕೆ ವರ್ಗಾಯಿಸಿದ. 1943ರಲ್ಲಿ ಅಮೆರಿಕದ ರಾಜರ್ಸ್ ಪೆಲಿಕ್ಯುಲೇರಿಯಾ ಕುಲವನ್ನೇ ಮತ್ತೆ ಎತ್ತಿ ನಿಲ್ಲಿಸಿದ. 1949ರಲ್ಲಿ ಮೈಸೂರಿನ ಶಿಲೀಂಧ್ರ ತಜ್ಞ ಎಸ್.ವಿ. ವೆಂಕಟರಾಯನ್ ಈ ಹೆಸರಿನ ಸಿಂಧುತ್ವವನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧ ಬರೆದರು. ರೋಗ ಇದ್ದದ್ದು ಮೈಸೂರಿನಲ್ಲಿ, ಅದರ ಹೆಸರಿನ ವ್ಯಾಜ್ಯ ನಡೆದದ್ದು ಮೂರು ಖಂಡಗಳಲ್ಲಿ.

ಕೊನೆಗೆ ಹಾಲೆಂಡಿನ ಮರೀನುಸ್ ಡಾಂಕ್ ಖಡಾಖಂಡಿತವಾದ ನಿಲುವು ತಳೆದ. ಕುಕ್‌ನ ವರ್ಣನೆ ಒಂದಕ್ಕಿಂತ ಹೆಚ್ಚು ಜೀವಿಗಳ ಲಕ್ಷಣಗಳನ್ನು ಕಲಸಿಬಿಟ್ಟಿದೆ. ಗೊಂದಲದ ಮೇಲೆ ನಿಂತ ಹೆಸರನ್ನು ಉಳಿಸಿಕೊಳ್ಳಲಾಗದು ಎಂಬುದು ಅವನ ವಾದ. 1958ರಲ್ಲಿ ಅವನು ಕಾಫಿ ಕೊಳೆಯ ಶಿಲೀಂಧ್ರವನ್ನು ಹೊಸದಾಗಿ ವರ್ಣಿಸಿ ಹೊಸ ಹೆಸರಿಟ್ಟ. ಪ್ರಭೇದಕ್ಕೆ ‘ನಾಕ್ಸಿಯಾ’, ಅಂದರೆ ಹಾನಿಕಾರಿ. ಕುಲಕ್ಕೆ ಇಟ್ಟ ಹೆಸರು ‘ಕೊಲೆರೋಗ’! ಕುಕ್‌ನ ಕೈಯಲ್ಲಿ ಎರಡನೆಯ ಪದವಾಗಿದ್ದ ಕನ್ನಡದ ಮಾತು ಡಾಂಕ್‌ನ ಕೈಯಲ್ಲಿ ಮೊದಲ ಪದವಾಯಿತು. ಕೆಡವಿದವನೇ ಅದಕ್ಕೆ ಮೇಲಿನ ಪೀಠ ಕೊಟ್ಟ. ಕಾಫಿ ಕೃಷಿಯ ಪುಸ್ತಕಗಳಲ್ಲಿ ಇಂದಿಗೂ ‘ಕೊಲೆರೋಗ ನಾಕ್ಸಿಯಾ’ ಎಂಬ ಹೆಸರನ್ನು ಕಾಣಬಹುದು. 1999ರಲ್ಲಿ ಬ್ರಿಟನ್ನಿನ ಪೀಟರ್ ರಾಬರ್ಟ್ಸ್ ಇದನ್ನು ‘ಸೆರಾಟೊಬೆಸಿಡಿಯಮ್’ ಕುಲಕ್ಕೆ ಸೇರಿಸಿದ್ದರಿಂದ ವರ್ಗೀಕರಣ ತಜ್ಞರ ಪಟ್ಟಿಯಲ್ಲಿ ಕನ್ನಡ ಪದ ಮತ್ತೆ ಹಿಂದೆ ಸರಿದಿದೆ. ಆದರೆ ಜಗತ್ತಿನ ಸಸ್ಯರೋಗ ಗ್ರಂಥಗಳಲ್ಲಿ ರೋಗದ ಹೆಸರಾಗಿ ಕೊಳೆರೋಗ ಗಟ್ಟಿಯಾಗಿ ನಿಂತಿದೆ.

ಕೋಲ್ಮನ್ನರ ಹೆಸರೂ ಹಾಗೆಯೇ ಕರಗಿತು. ಬಟ್ಲರ್ ಗೋದಾವರಿ ತೀರದ ತಾಳೆ ಮರಗಳಲ್ಲಿ ಕಂಡು ಹೆಸರಿಸಿದ್ದ ‘ಪಾಮಿವೊರಾ’ ಪ್ರಭೇದಕ್ಕೂ ‘ಅರೆಕೆ’ಗೂ ವ್ಯತ್ಯಾಸವಿಲ್ಲ, ಎರಡೂ ಒಂದೇ ಎಂದು 1994ರಲ್ಲಿ ಕಿಣ್ವಗಳ ಹೋಲಿಕೆಯಿಂದ ತೋರಿಸಿದರು. ಈಚಿನ ವರ್ಷಗಳಲ್ಲಿ ಕರ್ನಾಟಕದ ಅಡಿಕೆ ತೋಟಗಳಿಂದ ಸಂಗ್ರಹಿಸಿದ ಮಾದರಿಗಳ ವಂಶವಾಹಿ ಪರೀಕ್ಷೆ ನಡೆದಾಗ ಹೆಚ್ಚಾಗಿ ಸಿಕ್ಕಿದ್ದು ಮೂರನೆಯದೇ ಒಂದು, ‘ಫೈಟಾಫ್ತೊರಾ ಮೀಡಿಯೈ’. ಅದನ್ನು 1918ರಲ್ಲಿ ಮೆಕ್ರೇ ವರ್ಣಿಸಿದ್ದು ದಕ್ಷಿಣ ಭಾರತದ ರಬ್ಬರ್ ಮರಗಳಿಂದ.

ಹಾಗಾದರೆ ಕುಕ್, ಕೋಲ್ಮನ್ ಮಾಡಿದ್ದೆಲ್ಲ ವ್ಯರ್ಥವೇ? ಅಲ್ಲ. ಅವರು ಬರೆದಿಟ್ಟದ್ದರಿಂದಲೇ ಅದನ್ನು ತಿದ್ದಲು ಸಾಧ್ಯವಾಯಿತು. ಬರೆಯದೆ ಬಿಟ್ಟಿದ್ದರೆ ತಿದ್ದಲು ತಪ್ಪೂ ಇರುತ್ತಿರಲಿಲ್ಲ, ತಿಳಿವಳಿಕೆಯೂ ಇರುತ್ತಿರಲಿಲ್ಲ.

ಹೆಸರಿನ ಬೆಲೆ

ಲ್ಯಾಟಿನ್ ಹೆಸರು ಬದಲಾದರೆ ರೈತನಿಗೇನು ಎಂದು ಕೇಳಬಹುದು. ಉತ್ತರ ಶುಂಠಿ ಹೊಲದಲ್ಲಿದೆ. ಹೆಗ್ಗಡದೇವನಕೋಟೆಯಿಂದ ಕೃಷ್ಣರಾಜನಗರದವರೆಗೆ, ಕೇರಳದಿಂದ ಬಂದು ಜಮೀನು ಗುತ್ತಿಗೆ ಹಿಡಿದವರೂ ಸೇರಿದಂತೆ ಸಾವಿರಾರು ಜನ ಈ ಬೆಳೆಯನ್ನು ನಂಬಿದ್ದಾರೆ. ಇಲ್ಲಿ ಕೊಳೆ ಎಂಬ ಒಂದೇ ಮಾತಿನೊಳಗೆ ಕನಿಷ್ಠ ಎರಡು ರೋಗಗಳು ಅಡಗಿವೆ. ಒಂದು ‘ಪಿಥಿಯಮ್’ ಎಂಬ ಜೀವಿಯಿಂದ ಬರುವ ಗೆಡ್ಡೆ ಕೊಳೆ. ಶುಂಠಿಯಲ್ಲಿ ಇದನ್ನು ಬಟ್ಲರ್ 1907ರಲ್ಲೇ ಸೂರತ್ತಿನಿಂದ ವರದಿ ಮಾಡಿದ್ದ. ಪಿಥಿಯಮ್ ಫೈಟಾಫ್ತೊರಾದ ಹತ್ತಿರದ ನೆಂಟ. ಅದರಂತೆಯೇ ನೀರಿನಲ್ಲಿ ಈಜುವ ಬೀಜಾಣುಗಳದ್ದು. ಹುಣಸೂರು ಸೀಮೆಯ ಹೊಗೆಸೊಪ್ಪಿನ ಸಸಿಮಡಿಗಳಲ್ಲಿ ಸಸಿಗಳು ಬುಡ ಕೊಳೆತು ಮಲಗುವುದೂ ಇದೇ ಪಿಥಿಯಮ್ ಬಳಗದಿಂದ. ಇನ್ನೊಂದು, ‘ರಾಲ್‌ಸ್ಟೋನಿಯಾ’ ಎಂಬ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಅದರಲ್ಲೂ ಎಲೆ ಹಳದಿಯಾಗುತ್ತದೆ, ಅದರಲ್ಲೂ ಗೆಡ್ಡೆ ಕೊಳೆಯುತ್ತದೆ. ಪಿಥಿಯಮ್ಮಿಗೆಂದು ಮಾಡಿದ ಔಷಧಿಯನ್ನು ಎಷ್ಟು ಸುರಿದರೂ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ. ಯಾವ ಕೊಳೆ ಎಂದು ತಿಳಿಯದೆ ಅಂಗಡಿಯವರು ಕೊಟ್ಟದ್ದನ್ನು ತಂದು ಸುರಿದರೆ ಬೆಳೆಯೂ ಹೋಗುತ್ತದೆ, ದುಡ್ಡೂ ಹೋಗುತ್ತದೆ.

ಕನ್ನಡದ ಹೆಸರು ತಪ್ಪು ಎಂದು ಇದರ ಅರ್ಥವಲ್ಲ. ಕೊಳೆರೋಗ ಎಂಬ ಪದ ಕಾಲವನ್ನು ಹೇಳುತ್ತದೆ, ಲಕ್ಷಣವನ್ನು ಹೇಳುತ್ತದೆ, ನೀರಿನ ಬಗ್ಗೆ ಎಚ್ಚರಿಸುತ್ತದೆ. ನೀರು ನಿಲ್ಲದಂತೆ ಕಾಲುವೆ ತೆಗೆ, ಗಾಳಿ ಆಡಲು ಬಿಡು, ರೋಗದ ಗೆಡ್ಡೆಯನ್ನು ಬಿತ್ತನೆಗೆ ಇಡಬೇಡ ಎಂಬ ಬುದ್ಧಿಮಾತೆಲ್ಲ ಆ ಒಂದು ಪದದ ಬೆನ್ನಿಗಿದೆ. ಆ ಮಾತು ಮೂರೂ ಬೆಳೆಗೆ ಸಲ್ಲುತ್ತದೆ. ಆದರೆ ಒಳಗಿರುವವನು ಯಾರು ಎಂದು ಆ ಪದ ಹೇಳುವುದಿಲ್ಲ. ಅದನ್ನು ಹೇಳುವುದು ವರ್ಣನೆ, ಹೋಲಿಕೆ, ಕಾಪಿಟ್ಟ ಮಾದರಿ. ಲ್ಯಾಟಿನ್ ಹೆಸರು ಅವೆಲ್ಲದರ ಮೇಲೆ ಅಂಟಿಸಿದ ಚೀಟಿ ಮಾತ್ರ. ಚೀಟಿ ಹಳತಾದರೆ ಹರಿದು ಹೊಸದು ಅಂಟಿಸುತ್ತಾರೆ. ಪೊಟ್ಟಣ ಮಾತ್ರ ಜೋಪಾನವಾಗಿರಬೇಕು.

ಶುಂಠಿಯ ಎರಡು ರೋಗಗಳನ್ನು ಬೇರ್ಪಡಿಸಲು ಕೃಷಿ ತಜ್ಞರು ಹೇಳುವ ಒಂದು ಸುಲಭ ಪರೀಕ್ಷೆ ಇದೆ. ರೋಗ ಹತ್ತಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ ಅದರಲ್ಲಿ ತೂಗಿಬಿಡಬೇಕು. ಸ್ವಲ್ಪ ಹೊತ್ತಿನಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ಇಳಿದುಬಂದರೆ ಅದು ಬ್ಯಾಕ್ಟೀರಿಯಾ. ಏನೂ ಇಳಿಯದಿದ್ದರೆ ಪಿಥಿಯಮ್ಮಿನ ಮೇಲೆ ಅನುಮಾನ ಇಡಬೇಕು; ಖಚಿತಪಡಿಸಿಕೊಳ್ಳಲು ಗೆಡ್ಡೆಯನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು. ಕಡಲಾಚೆ ಕೂತ ಕುಕ್‌ಗೆ ಸಿಕ್ಕಿದ್ದು ಒಣಗಿ ಬಂದ ಎಲೆ. ಅವನ ತಪ್ಪು ತಿದ್ದಲು ಎಂಬತ್ತೆರಡು ವರ್ಷ ಹಿಡಿಯಿತು. ಪಿರಿಯಾಪಟ್ಟಣದ ಹೊಲದಲ್ಲಿ ನಿಂತವರ ಕೈಯಲ್ಲಿ ಹಸಿ ಗಿಡವಿದೆ, ಮನೆಯಲ್ಲಿ ಲೋಟವಿದೆ. ಔಷಧಿ ಅಂಗಡಿಗೆ ಹೊರಡುವ ಮುಂಚೆ ಅದನ್ನೊಮ್ಮೆ ನೋಡಿಬಿಡುವುದು ಒಳ್ಳೆಯದು.